ಹ್ಯಾಂಡಲ್ ಎತ್ತರಿಸುವ ಮೊದಲು, ಯಾವ ಬೆರಳು ಹೇಳಿ

ಪ್ರಶ್ನೆ: ನನಗೆ 52 ವರ್ಷ. ಶಿರಸಿ ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಕಾಲೇಜಿನ ದಿನಗಳಲ್ಲಿ ಅಪ್ಪನ ಯೆಜ್ಡಿ ಓಡಿಸಿದವನು. ಮನೆ ಸಾಲ ತೀರಿ, ಮಗಳು ಕೆಲಸಕ್ಕೆ ಸೇರಿದ ಮೇಲೆ, ಎರಡು ವರ್ಷದ ಹಿಂದೆ ಬಹಳ ಆಸೆಪಟ್ಟು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ತೆಗೆದುಕೊಂಡೆ. ಊರೊಳಗೆ ಓಡಾಡುವಾಗ ಏನೂ ತೊಂದರೆಯಿಲ್ಲ. ಮಗಳನ್ನು ನೋಡಲು ಬೆಂಗಳೂರಿಗೆ ಹೊರಟರೆ ಮಾತ್ರ ಕಷ್ಟ. ಹಾವೇರಿಯಲ್ಲಿ ಹೆದ್ದಾರಿ ಸೇರಿ ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಬೆರಳು ಜೋಮು ಹಿಡಿಯುತ್ತದೆ. ಚಿತ್ರದುರ್ಗಕ್ಕೆ ಬರುವಾಗ ಕತ್ತು, ಹೆಗಲು ಕಲ್ಲಾಗಿರುತ್ತವೆ. ಕಳೆದ ಸಲ ತುಮಕೂರಿನಲ್ಲಿ ಚಹಾದ ಲೋಟ ಕೈಯಿಂದ ಜಾರಿ ಬಿತ್ತು. ಗ್ಯಾರೇಜಿನ ಹುಡುಗ, "ಹ್ಯಾಂಡಲ್ ಎತ್ತರಿಸಲು ಎರಡಿಂಚಿನ ರೈಸರ್ ಹಾಕಿಕೊಡ್ತೆ ಮಾಸ್ತರ್ರೇ, ಅರ್ಧ ಗಂಟೆ ಕೆಲಸ" ಅನ್ನುತ್ತಾನೆ. ಸರ್ವಿಸ್ ಸೆಂಟರಿನವರು, ಹೊರಗಿನ ಸಾಮಾನು ಹಾಕಿದರೆ ವಾರಂಟಿ ಹೋಯಿತು ಅನ್ನುತ್ತಾರೆ. ಹೆಂಡತಿ, "ವಯಸ್ಸಾಯ್ತು, ಮಾರಿಬಿಡಿ, ಬಸ್ಸಿದೆಯಲ್ಲ" ಅನ್ನುತ್ತಾಳೆ. ಯಾರ ಮಾತು ಕೇಳಲಿ? ನಿಜವಾಗಿಯೂ ವಯಸ್ಸಾಯಿತೇ?
— ಹೆಸರು ಬೇಡ, ಶಿರಸಿ

ಉತ್ತರ: ಪ್ರಿಯ ಮಾಸ್ತರರೇ, ಗಾಡಿ ಮಾರಬೇಡಿ. ರೈಸರನ್ನೂ ಇವತ್ತೇ ಹಾಕಿಸಬೇಡಿ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ರೈಸರಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಚಹಾದ ಲೋಟ. ಬೆರಳು ಜೋಮು ಹಿಡಿಯಿತು ಎಂದಿದ್ದೀರಿ, ಯಾವ ಬೆರಳು ಎಂದು ಬರೆದಿಲ್ಲ. ಎಲ್ಲವೂ ನಿಂತಿರುವುದು ಅದರ ಮೇಲೆ.

ಕಿರುಬೆರಳು ಮತ್ತು ಅದರ ಪಕ್ಕದ ಉಂಗುರ ಬೆರಳು ಮರಗಟ್ಟುತ್ತಿದ್ದರೆ, ಅಂಗೈಯ ಬುಡದಲ್ಲಿ ಕಿರುಬೆರಳಿನ ಕಡೆ ಹಾಯುವ ನರ ಒತ್ತಿಹೋಗುತ್ತಿದೆ ಎಂದರ್ಥ. ಮೈಭಾರವನ್ನು ಅಂಗೈ ಮೇಲೆ ಹಾಕಿ ಗಂಟೆಗಟ್ಟಲೆ ಸೈಕಲ್ ತುಳಿಯುವವರಿಗೂ ಇದು ಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ಸಂಗತಿ ಬೇರೆ. ಆಗ ಒತ್ತಡ ಬೀಳುತ್ತಿರುವುದು ಮಣಿಕಟ್ಟಿನ ನಡುವೆ ಹಾಯುವ ನರದ ಮೇಲೆ. ಮಣಿಕಟ್ಟು ಬಹಳ ಹೊತ್ತು ಮೇಲಕ್ಕೋ ಕೆಳಕ್ಕೋ ಮಡಚಿಕೊಂಡಿದ್ದರೆ ಹೀಗಾಗುತ್ತದೆ. ಮೊದಲನೆಯದು ಭಾರದ ತೊಂದರೆ, ಎರಡನೆಯದು ಕೋನದ ತೊಂದರೆ. ಹ್ಯಾಂಡಲ್ ಎತ್ತರಿಸಿದರೆ ಮೊದಲನೆಯದು ಕಡಿಮೆಯಾಗಬಹುದು. ಎರಡನೆಯದಕ್ಕೆ ಬ್ರೇಕ್ ಮತ್ತು ಕ್ಲಚ್ ಲಿವರುಗಳನ್ನು ಸರಿಯಾಗಿ ತಿರುಗಿಸಿಕೊಂಡರೆ ಸಾಕಾಗಬಹುದು, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಇನ್ನೂ ಒಂದು ಮಾತು. ಗಾಡಿಯಿಂದ ಇಳಿದು ಕಾಲು ಗಂಟೆಯಲ್ಲಿ ಕೈ ಸರಿಹೋಗುತ್ತಿದ್ದರೆ ಗಾಡಿಯನ್ನು ನೋಡೋಣ. ರಾತ್ರಿ ಮಲಗಿದಾಗಲೂ ಜೋಮು ಎಬ್ಬಿಸುತ್ತಿದ್ದರೆ, ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಜಾರುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ತಡಕಾಡುವಂತಾಗಿದ್ದರೆ, ಮೊದಲು ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಿಗೆ ಮಣಿಕಟ್ಟಿನ ನರ ಒತ್ತುವ ಸಾಧ್ಯತೆ ಹೆಚ್ಚು. 52ರಲ್ಲಿ ರಕ್ತ ಪರೀಕ್ಷೆ ಮಾಡಿಸುವುದು ಹೇಗೂ ಒಳ್ಳೆಯದೇ. ಕತ್ತಿನಿಂದ ಹೊರಟ ನೋವು ತೋಳಿಗೆ ಇಳಿಯುತ್ತಿದ್ದರೆ ಅದನ್ನೂ ಹೇಳಿ. ಲೋಟ ಬಿದ್ದದ್ದನ್ನು ಮರೆಯದೆ ಹೇಳಿ. ಇದನ್ನು ಮುಂದಕ್ಕೆ ಹಾಕಬೇಡಿ.

ಈಗ ಗಾಡಿಗೆ ಬರೋಣ. ನಿಮ್ಮ ಅಪ್ಪನ ಯೆಜ್ಡಿ ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದದ್ದು, ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಮೇಲೆ ಕೂತಾಗ ಕೈ ನೋಯಲಿಲ್ಲ ಎಂಬ ನೆನಪು ನಿಮಗಿದ್ದರೆ ಅದು ಸುಳ್ಳಲ್ಲ. ಬೆನ್ನು ನೆಟ್ಟಗಿರುತ್ತಿತ್ತು, ಆಗಿನ ರಸ್ತೆಯಲ್ಲಿ ಐವತ್ತು ಅರವತ್ತರ ವೇಗದಲ್ಲಿ ಹೋಗುತ್ತಿದ್ದಿರಿ, ದಾರಿಯುದ್ದಕ್ಕೂ ಊರುಗಳು ಬರುತ್ತಿದ್ದವು, ಇಳಿಯುತ್ತಿದ್ದಿರಿ. ಈಗ ಆರು ಪಥದ ರಸ್ತೆಯಲ್ಲಿ 648 ಸಿಸಿ ಎಂಜಿನ್ ನಿಮ್ಮನ್ನು ಎಲ್ಲೂ ನಿಲ್ಲಿಸದೆ ಒಯ್ಯುತ್ತದೆ. ಎರಡು ಗಂಟೆ ಹೊತ್ತು ಕೈ ಕದಲದೆ ಒಂದೇ ಜಾಗದಲ್ಲಿರುತ್ತದೆ. ಇಪ್ಪತ್ತೈದರ ಹುಡುಗನ ಕೈಯನ್ನು ಹಾಗೆ ಇರಿಸಿದರೂ ಜೋಮು ಹಿಡಿಯುತ್ತದೆ. ಅದರಿಂದ ವಯಸ್ಸಿನ ಮಾತನ್ನು ಸದ್ಯಕ್ಕೆ ಬದಿಗಿಡಿ.

ಕೈ ಇರುವುದು ಹ್ಯಾಂಡಲ್ ಹಿಡಿಯುವುದಕ್ಕೆ, ಮೈ ಹೊರುವುದಕ್ಕಲ್ಲ. ನೀವು ಹೊರಿಸುತ್ತಿದ್ದೀರೋ ಇಲ್ಲವೋ ಎಂದು ಮನೆಯಂಗಳದಲ್ಲೇ ನೋಡಬಹುದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹೆಲ್ಮೆಟ್ ತೊಟ್ಟು, ನೀವು ದಾರಿಯಲ್ಲಿ ಕೂರುವ ಹಾಗೆಯೇ ಕೂರಿ. ಎರಡೂ ಕೈಯನ್ನು ಗ್ರಿಪ್ಪಿನಿಂದ ಒಂದಿಂಚು ಮೇಲೆತ್ತಿ. ಮೈ ಮುಂದಕ್ಕೆ ವಾಲಿ ಬಂದರೆ, ಅಷ್ಟು ಭಾರವನ್ನು ಈವರೆಗೆ ಅಂಗೈ ಹೊರುತ್ತಿತ್ತು. ಈಗ ತೊಡೆಯಿಂದ ಟ್ಯಾಂಕನ್ನು ಒತ್ತಿ ಹಿಡಿದು, ಹೊಟ್ಟೆ ಸ್ವಲ್ಪ ಬಿಗಿ ಮಾಡಿ ಮತ್ತೆ ಎತ್ತಿ ನೋಡಿ. ವಾಲುವುದು ನಿಂತರೆ ನಿಮಗೆ ಬೇಕಾದದ್ದು ರೈಸರ್ ಅಲ್ಲ, ಅಭ್ಯಾಸ. ಆಮೇಲೆ ಕಣ್ಣು ಮುಚ್ಚಿ, ಹೆಗಲು ಸಡಿಲ ಬಿಟ್ಟು, ಮೊಣಕೈ ಸ್ವಲ್ಪ ಮಡಚಿ ಕೈಗಳನ್ನು ಗಾಳಿಯಲ್ಲಿ ಚಾಚಿ. ಎಲ್ಲಿ ಸುಖವೆನ್ನಿಸುತ್ತದೋ ಅಲ್ಲಿ ನಿಲ್ಲಿಸಿ. ಗ್ರಿಪ್ಪಿಗೂ ನಿಮ್ಮ ಮುಷ್ಟಿಗೂ ಎಷ್ಟು ಅಂತರವಿದೆ ಎಂದು ಸ್ಕೇಲು ಹಿಡಿದು ನೋಡಲು ಮನೆಯವರಿಗೆ ಹೇಳಿ. ಗಾಡಿ ಮಾರಿ ಎನ್ನುತ್ತಿರುವವರು ಆ ಅಳತೆಯನ್ನು ತಾವೇ ತೆಗೆದರೆ, ನಿಮ್ಮ ನೋವು ಎಲ್ಲಿಂದ ಬರುತ್ತಿದೆ ಎಂಬುದು ಅವರಿಗೂ ಗೊತ್ತಾಗುತ್ತದೆ. ಅವರ ಮಾತಿನ ಹಿಂದಿರುವುದು ಹೆದರಿಕೆ, ಅದಕ್ಕೆ ಬೆಲೆ ಕೊಡಿ.

ಅಂತರ ಬರೀ ಒಂದು ಒಂದೂವರೆ ಸೆಂಟಿಮೀಟರ್ ಇದ್ದರೆ ಏನನ್ನೂ ಕೊಳ್ಳಬೇಕಿಲ್ಲ. ಹ್ಯಾಂಡಲ್ ಬಾರನ್ನು ಹಿಡಿದಿರುವ ಕ್ಲ್ಯಾಂಪಿನ ಬೋಲ್ಟು ಸಡಿಲಿಸಿ, ಬಾರನ್ನೇ ನಿಮ್ಮ ಕಡೆಗೆ ಒಂಚೂರು ತಿರುಗಿಸಿದರೆ ಗ್ರಿಪ್ಪು ಹತ್ತಿರ ಬರುತ್ತದೆ. ಒಂಚೂರು ಎಂದರೆ ಒಂಚೂರೇ. ಜಾಸ್ತಿ ತಿರುಗಿಸಿದರೆ ಗ್ರಿಪ್ಪಿನ ತುದಿ ಕೆಳಕ್ಕೆ ಬಾಗಿ ಮಣಿಕಟ್ಟು ಸೊಟ್ಟಗಾಗುತ್ತದೆ, ಬ್ರೇಕ್ ಎಣ್ಣೆಯ ಡಬ್ಬಿಯೂ ಓರೆಯಾಗುತ್ತದೆ. ಬಾರನ್ನು ತಿರುಗಿಸಿದ ಮೇಲೆ ಲಿವರುಗಳನ್ನೂ ಸರಿಪಡಿಸಬೇಕು. ಕೂತಲ್ಲಿಂದ ಬೆರಳು ಚಾಚಿ ಲಿವರ್ ಮೇಲೆ ಇಟ್ಟಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಸರಳರೇಖೆಯಲ್ಲಿರಬೇಕು. ಅಂಗಡಿಯಿಂದ ಬಂದ ಗಾಡಿಯಲ್ಲಿ ಲಿವರ್ ಯಾರಿಗೋ ಹೊಂದುವಂತಿರುತ್ತದೆ, ನಾವು ಅದನ್ನು ಮುಟ್ಟದೆ ವರ್ಷಗಟ್ಟಲೆ ಓಡಿಸುತ್ತೇವೆ.

ಸೀಟನ್ನೂ ನೋಡಿ. ಫೋಮ್ ತಗ್ಗಾಗಿ ಮೈ ಟ್ಯಾಂಕಿನ ಕಡೆ ಜಾರುತ್ತಿದ್ದರೆ, ಹಿಂದಕ್ಕೆ ತಳ್ಳಿಕೊಳ್ಳುವ ಕೆಲಸ ಗೊತ್ತಿಲ್ಲದೆ ಕೈಗೇ ಬೀಳುತ್ತದೆ. ಇಂಟರ್‌ಸೆಪ್ಟರ್‌ಗೆ ಕಂಪನಿಯೇ ದೂರ ಪ್ರಯಾಣದ ಬೇರೆ ಸೀಟು ಮಾರುತ್ತದೆ. ಈ ಗಾಡಿ ಇಟ್ಟುಕೊಂಡವರಲ್ಲಿ ಬಹಳ ಮಂದಿ ಹ್ಯಾಂಡಲಿಗಿಂತ ಮೊದಲು ದೂರುವುದು ಸೀಟನ್ನೇ. ಗ್ರಿಪ್ಪನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತೀರಿ ಎಂಬುದನ್ನೂ ಗಮನಿಸಿ. ಬಿಗಿಯಾಗಿ ಹಿಡಿದಷ್ಟೂ ಎಂಜಿನ್ನಿನ ಅದುರು ಕೈಯೊಳಗೆ ಇಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಕೈ ಚಾಚುವ ದೂರ ಹೆಚ್ಚೆನ್ನಿಸಿದರೆ ರೈಸರ್ ಹಾಕಿಸಿ, ಅದರಲ್ಲಿ ತಪ್ಪಿಲ್ಲ. ಆದರೆ ಎರಡಿಂಚು ಬೇಡ. ನೀವು ಗಣಿತದವರು, ಲೆಕ್ಕ ಹಾಕಿ ನೋಡಿ. ಮುಂದಿನ ಫೋರ್ಕು ನೆಟ್ಟಗೆ ನಿಂತಿರುವುದಿಲ್ಲ, ಸವಾರನ ಕಡೆಗೆ ವಾಲಿರುತ್ತದೆ. ರೈಸರ್ ಕೂರುವುದು ಆ ಓರೆಯ ಮೇಲೆ. ವಾಲು 25 ಡಿಗ್ರಿ ಎಂದಿಟ್ಟುಕೊಂಡರೆ 30 ಮಿಲಿಮೀಟರಿನ ರೈಸರ್ ಹ್ಯಾಂಡಲನ್ನು 27 ಮಿಲಿಮೀಟರ್ ಮೇಲಕ್ಕೆ ಎತ್ತುತ್ತದೆ, ಜೊತೆಗೆ 12–13 ಮಿಲಿಮೀಟರ್ ನಿಮ್ಮ ಕಡೆಗೂ ತರುತ್ತದೆ. ಎರಡೂ ಸೇರಿದರೆ ಹೆಗಲಿಗೆ ಸಿಗುವ ಆರಾಮ ಎಣಿಸಿದ್ದಕ್ಕಿಂತ ಜಾಸ್ತಿ. ಅದಕ್ಕೇ 20ರಿಂದ 30 ಮಿಲಿಮೀಟರಿನಲ್ಲಿ ಬಹಳ ಜನರ ಕೆಲಸ ಆಗಿಹೋಗುತ್ತದೆ. ತಿರುಗಿಸಿದರೂ ಸಾಲದ ಬಾರು, ಬಗ್ಗಿದರೂ ಎಟುಕದ ಗ್ರಿಪ್ಪು ಎನ್ನುವಷ್ಟು ನೀವು ಎತ್ತರದವರಾದರೆ, ರೈಸರ್ ಮೇಲೆ ರೈಸರ್ ಪೇರಿಸುವ ಬದಲು ಎತ್ತರದ ಬೇರೆ ಬಾರನ್ನೇ ಹಾಕಿಸುವುದು ವಾಸಿ.

ಎರಡಿಂಚು ಯಾಕೆ ಬೇಡ ಎನ್ನುತ್ತೇನೆಂದರೆ, ನಾನೇ ಹಾಕಿಸಿದ್ದೆ. ವರ್ಷಗಳ ಹಿಂದಿನ ಮಾತು, ನನ್ನ 350 ಸಿಸಿ ಗಾಡಿಗೆ ಒಂದು ಗ್ಯಾರೇಜಿನಲ್ಲಿ 50 ಮಿಲಿಮೀಟರಿನ ರೈಸರ್ ಕೂರಿಸಿದರು. ನೆಟ್ಟಗಿನ ರಸ್ತೆಯಲ್ಲಿ ಸ್ವರ್ಗ. ತಂಗಿಯನ್ನು ಹಿಂದೆ ಕೂರಿಸಿಕೊಂಡು ಕೊಪ್ಪದ ಕಡೆ ಹೊರಟಿದ್ದೆ. ಒಂದು ಪೆಟ್ರೋಲ್ ಬಂಕಿನಲ್ಲಿ ಎಣ್ಣೆ ಹಾಕಿಸಿ, ಗಾಡಿಯನ್ನು ಅಲ್ಲೇ ತಿರುಗಿಸಲು ಹ್ಯಾಂಡಲನ್ನು ಎಡಕ್ಕೆ ಪೂರ್ತಿ ಹೊರಳಿಸಿದೆ. ಆಕ್ಸಿಲರೇಟರ್ ಮುಟ್ಟಿಯೇ ಇಲ್ಲ, ಎಂಜಿನ್ ತಾನಾಗಿ ಬೊಬ್ಬೆ ಹಾಕಿತು, ಗಾಡಿ ಮುಂದಕ್ಕೆ ನುಗ್ಗಿತು. ಕ್ಲಚ್ ಹಿಡಿಯುವಷ್ಟರಲ್ಲಿ ಇಬ್ಬರೂ ನೆಲದಲ್ಲಿದ್ದೆವು. ತಂಗಿಯ ಮೊಣಕಾಲಿಗೆ ಮೂರು ಹೊಲಿಗೆ ಬಿತ್ತು. ಆಮೇಲೆ ಬಗ್ಗಿ ನೋಡಿದರೆ ಆಕ್ಸಿಲರೇಟರ್ ಕೇಬಲ್ ವೀಣೆಯ ತಂತಿಯ ಹಾಗೆ ಬಿಗಿದಿತ್ತು. ಹ್ಯಾಂಡಲ್ ಮೇಲೆ ಹೋದಷ್ಟು ಕೇಬಲಿನ ಉದ್ದ ಹೆಚ್ಚಿರಲಿಲ್ಲ, ತಿರುಗಿಸಿದಾಗ ಹ್ಯಾಂಡಲೇ ಅದನ್ನು ಎಳೆದಿತ್ತು. ಆ ಗಾಯದ ಗುರುತು ತಂಗಿಯ ಮೊಣಕಾಲಿನ ಮೇಲೆ ಇವತ್ತಿಗೂ ಇದೆ.

ಆದ್ದರಿಂದ ಗ್ಯಾರೇಜಿನ ಹುಡುಗ "ಆಯ್ತು" ಎಂದ ಮೇಲೆ ಹಣ ಕೊಡುವ ಮೊದಲು ಅಲ್ಲೇ ನಿಂತು ನೋಡಬೇಕಾದ್ದಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ಚಾಲೂ ಮಾಡಿ ಬಿಡಿ. ಹ್ಯಾಂಡಲನ್ನು ನಿಧಾನಕ್ಕೆ ಎಡದ ಕೊನೆಗೆ ಒಯ್ಯಿರಿ, ಆಮೇಲೆ ಬಲದ ಕೊನೆಗೆ. ಎಂಜಿನ್ನಿನ ಸದ್ದು ಎಲ್ಲಾದರೂ ಒಂದಿಷ್ಟು ಏರಿದರೂ ಕೇಬಲ್ ಸಾಲದು ಎಂದು ತಿಳಿಯಿರಿ. ಎಂಜಿನ್ ಆರಿಸಿ, ಎರಡೂ ಕೊನೆಯಲ್ಲಿ ಕ್ಲಚ್ ಲಿವರಿನ ಸಡಿಲು ಮೊದಲಿನಷ್ಟೇ ಇದೆಯೇ ನೋಡಿ. ಸಡಿಲು ಹೋಗಿದ್ದರೆ ಕ್ಲಚ್ ಅರ್ಧ ಹಿಡಿದಂತೆಯೇ ಓಡಿ ಪ್ಲೇಟು ಸುಟ್ಟುಹೋಗುತ್ತದೆ. ಸ್ವಿಚ್ಚುಗಳಿಂದ ಇಳಿಯುವ ವೈರುಗಳು ಎಲ್ಲೂ ಬಿಗಿಯಬಾರದು, ಫೋರ್ಕಿನ ಸಂದಿಗೆ ಸಿಕ್ಕಬಾರದು. ಹ್ಯಾಂಡಲ್ ಹಿಂದಕ್ಕೆ ಬಂದಿರುವುದರಿಂದ ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೂ ಗ್ರಿಪ್ಪಿಗೂ ನಡುವೆ ಸಿಕ್ಕಿಕೊಳ್ಳುತ್ತದೆಯೇ ಎಂದೂ ನೋಡಿ.

ಬ್ರೇಕಿನ ಹೋಸ್ ವಿಷಯದಲ್ಲಿ ರಾಜಿಯೇ ಬೇಡ. ಮುಂದಿನ ಚಕ್ರ ನೆಲ ಬಿಡುವಂತೆ ಹಿಂದಿನಿಂದ ಒಬ್ಬರು ಗಾಡಿ ಒತ್ತಿ ಹಿಡಿಯಲಿ. ಆಗ ಫೋರ್ಕು ಪೂರ್ತಿ ಚಾಚಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಹ್ಯಾಂಡಲ್ ಎರಡೂ ಕಡೆ ತಿರುಗಿಸಿದಾಗಲೂ ಹೋಸ್ ಸ್ವಲ್ಪ ಜೋತುಕೊಂಡಿರಬೇಕು. "ತುಸು ಬಿಗಿ ಇದೆ, ನಡೀತದೆ" ಎಂದು ಯಾರಾದರೂ ಹೇಳಿದರೆ ರೈಸರ್ ಬಿಚ್ಚಿಸಿ ಮನೆಗೆ ಬನ್ನಿ. ರಸ್ತೆಯ ಗುಂಡಿಯಲ್ಲಿ ಚಕ್ರ ಕೆಳಕ್ಕೆ ಇಳಿದ ಕ್ಷಣ ಚಾಚಿಕೊಳ್ಳುವ ಫೋರ್ಕು ಆ ಹೋಸನ್ನು ಎಳೆಯುತ್ತದೆ. ಉದ್ದದ ಹೋಸ್ ಹಾಕಿಸಿದರೆ ಬ್ರೇಕಿನ ಗಾಳಿ ತೆಗೆಯಬೇಕು, ಎಬಿಎಸ್ ಇರುವ ಗಾಡಿಯಲ್ಲಿ ಅದು ಬಲ್ಲವರ ಕೆಲಸ. ಬ್ರೇಕ್ ಎಣ್ಣೆಯ ಡಬ್ಬಿ ಹ್ಯಾಂಡಲ್ ನೆಟ್ಟಗಿರುವಾಗ ಸಮತಲವಾಗಿರಲಿ.

ಇನ್ನು ಬೋಲ್ಟು. ನೋಡಲು ಸಣ್ಣದು, ನಿಮ್ಮ ಜೀವ ಇರುವುದು ಅದರ ಮೇಲೆ. ರೈಸರ್ ಎಷ್ಟು ಎತ್ತರವೋ ಬೋಲ್ಟು ಹಳೆಯದಕ್ಕಿಂತ ಅಷ್ಟೇ ಉದ್ದ ಬೇಕು. ಅಗ್ಗದ ಸೆಟ್ಟುಗಳಲ್ಲಿ ಎಷ್ಟೋ ಸಲ ಬೋಲ್ಟು ಗಿಡ್ಡವಿರುತ್ತದೆ, ನಾಲ್ಕೈದು ಸುತ್ತು ಮಾತ್ರ ಒಳಗೆ ಹೋಗಿ ಬಿಗಿಯಾದಂತೆ ಕಾಣುತ್ತದೆ. ಅಲ್ಯೂಮಿನಿಯಂ ಒಳಗೆ ಕೂರುವ 8 ಮಿಲಿಮೀಟರ್ ದಪ್ಪದ ಬೋಲ್ಟು ಕಡೇಪಕ್ಷ 12 ಮಿಲಿಮೀಟರ್ ಥ್ರೆಡ್ ಹಿಡಿದಿರಬೇಕು. ಕೂರಿಸುವ ಮೊದಲೇ ಬೋಲ್ಟು ಕೈಗೆ ತೆಗೆದುಕೊಂಡು ಅದರ ತಲೆ ನೋಡಿ. 8.8 ಅಥವಾ 10.9 ಎಂದು ಕೆತ್ತಿರಬೇಕು. ಏನೂ ಕೆತ್ತಿಲ್ಲದ ಬೋಲ್ಟನ್ನು ಹ್ಯಾಂಡಲಿಗೆ ಹಾಕಲು ಬಿಡಬೇಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತದೆ. ಬಾರಿನ ದಪ್ಪಕ್ಕೂ ರೈಸರಿನ ಬಾಯಿಗೂ ಹೊಂದಿಕೆಯಾಗಬೇಕು. ನಮ್ಮಲ್ಲಿನ ಹೆಚ್ಚಿನ ಗಾಡಿಗಳ ಬಾರು 22 ಮಿಲಿಮೀಟರ್, ಕೆಲವು ಗಾಡಿಗಳಲ್ಲಿ ನಡುಭಾಗ 28 ಮಿಲಿಮೀಟರಿನಷ್ಟು ದಪ್ಪ. ದಪ್ಪ ಬಾರಿನ ರೈಸರಿಗೆ ತಗಡು ಸುತ್ತಿ ತೆಳು ಬಾರು ಕೂರಿಸುವವರನ್ನು ನೋಡಿದ್ದೇನೆ. ಅಂಥ ಗ್ಯಾರೇಜಿನಿಂದ ತಕ್ಷಣ ಹೊರಟುಬನ್ನಿ.

ಬಿಗಿಯುವುದಕ್ಕೆ ಟಾರ್ಕ್ ರೆಂಚ್ ಇರುವ ಕಡೆಯೇ ಹೋಗಿ, ಕಂಪನಿಯ ಪುಸ್ತಕದಲ್ಲಿರುವ ಅಳತೆಗೇ ಬಿಗಿಯಲಿ. ಮುಗಿದ ಮೇಲೆ ನೇಲ್ ಪಾಲಿಶ್‌ನಲ್ಲಿ ಪ್ರತಿ ಬೋಲ್ಟಿನ ತಲೆಯಿಂದ ಕ್ಲ್ಯಾಂಪಿನ ಮೇಲಕ್ಕೆ ಒಂದು ತೆಳು ಗೆರೆ ಎಳೆಯಿರಿ. ಬೋಲ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ಮುರಿದು ಕಾಣುತ್ತದೆ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ನೋಡಿ, ಆಮೇಲೆ ದೂರ ಹೊರಡುವ ಬೆಳಿಗ್ಗೆಯೆಲ್ಲ ಕಣ್ಣು ಹಾಯಿಸಿದರೆ ಸಾಕು. ಕನ್ನಡಿಗಳನ್ನು ಹೊಸದಾಗಿ ಹೊಂದಿಸಿಕೊಳ್ಳಲು ಮರೆಯಬೇಡಿ.

ಹ್ಯಾಂಡಲ್ ಮೇಲೆ ಬಂದಾಗ ಬೆನ್ನು ನೆಟ್ಟಗಾಗುತ್ತದೆ, ಕೈಗೆ ಹಗುರ. ಅದೇ ಹೊತ್ತಿಗೆ ರಸ್ತೆ ಉಬ್ಬಿನ ಪೆಟ್ಟು ಬೆನ್ನುಮೂಳೆಗೆ ನೇರ ಬಡಿಯುತ್ತದೆ, ಎದೆಗೆ ಗಾಳಿ ಜಾಸ್ತಿ ಹೊಡೆಯುತ್ತದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ, ಅದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎಂಬತ್ತರಿಂದ ನೂರಕ್ಕೆ ಹೋದರೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಆಗ ಕೈ ಭಾರ ಹೊರುವುದನ್ನು ಬಿಟ್ಟು ಜಗ್ಗಲು ಶುರುಮಾಡುತ್ತದೆ, ಕತ್ತು ಮತ್ತೆ ಕಲ್ಲಾಗುತ್ತದೆ. ಚಿತ್ರದುರ್ಗದ ಬಯಲಿನಲ್ಲಿ ಅಡ್ಡಗಾಳಿ ಬೀಸುವಾಗ ನಿಮಗೇ ಗೊತ್ತಾಗುತ್ತದೆ. ಎಂಬತ್ತರ ಆಸುಪಾಸಿನಲ್ಲಿ ಹೋಗುವವರಿಗೆ ಎತ್ತರದ ಹ್ಯಾಂಡಲ್ ಒಳ್ಳೆಯದು. ನೂರು ದಾಟಿಸಿಯೇ ಹೋಗುತ್ತೇನೆ ಎನ್ನುವವರಿಗೆ ತುಸು ಬಗ್ಗಿದ ಭಂಗಿಯೇ ಮೇಲು. ನೀವು ಯಾವ ಕಡೆಯವರು ಎಂದು ನೀವೇ ಹೇಳಬೇಕು.

ವಾರಂಟಿ ವಿಷಯದಲ್ಲಿ ಬಾಯಿಮಾತಿನ ಬೆದರಿಕೆಗೆ ಹೆದರಬೇಡಿ, ಬಾಯಿಮಾತಿನ ಭರವಸೆಯನ್ನು ನಂಬಲೂ ಬೇಡಿ. ಹಾಕಿಸುವ ಸಾಮಾನಿನ ಹೆಸರು, ಅಳತೆ ಬರೆದು, ಇದರಿಂದ ಯಾವ ಭಾಗದ ವಾರಂಟಿಗೆ ಧಕ್ಕೆ ಎಂದು ಸರ್ವಿಸ್ ಸೆಂಟರಿನಿಂದ ಬರಹದಲ್ಲಿ ಕೇಳಿ, ವಿಮೆ ಕಂಪನಿಗೂ ಹಾಗೇ ಬರೆಯಿರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಆರ್‌ಸಿಯಲ್ಲಿ ಹ್ಯಾಂಡಲಿನ ಎತ್ತರ ಬರೆದಿರುವುದಿಲ್ಲ, ಆದರೂ ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡರೆ ನಿಮ್ಮ ಮನಸ್ಸಿಗೆ ನಿರಾಳ. ಬಿಚ್ಚಿದ ಹಳೆಯ ಬೋಲ್ಟುಗಳನ್ನು ಡಬ್ಬಿಯಲ್ಲಿ ಹಾಕಿ ಎತ್ತಿಡಿ. ಒಂದು ದಿನ ಮೊದಲಿನಂತೆ ಮಾಡಬೇಕೆನ್ನಿಸಿದರೆ ಹತ್ತು ನಿಮಿಷದ ಕೆಲಸ.

ಈ ಭಾನುವಾರ ಬೆಂಗಳೂರು ಬೇಡ. ಲಿವರ್ ಸರಿಪಡಿಸಿಕೊಂಡು ಬನವಾಸಿಗೆ ಹೋಗಿ ಬನ್ನಿ. ಹೋಗುವಾಗ ತೊಡೆಯಲ್ಲಿ ಟ್ಯಾಂಕು ಹಿಡಿದು, ಮೊಣಕೈ ಸಡಿಲ ಬಿಟ್ಟು ಓಡಿಸಿ. ಮಧುಕೇಶ್ವರ ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸಿ ಕೈಗವಸು ತೆಗೆದ ಕೂಡಲೇ ಎರಡೂ ಕೈಯ ಹತ್ತು ಬೆರಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಉಜ್ಜಿ ನೋಡಿ, ಯಾವುದು ದಪ್ಪಗೆ, ಯಾವುದು ಪರಕೀಯವಾಗಿ ಅನ್ನಿಸುತ್ತದೆ ಎಂದು ಅಲ್ಲೇ ಒಂದು ಚೀಟಿಯಲ್ಲಿ ಬರೆದಿಡಿ. ಅಂಗಳದಲ್ಲಿ ಮನೆಯವರು ತೆಗೆದ ಅಳತೆಯನ್ನೂ ಅದರ ಕೆಳಗೆ ಬರೆಯಿರಿ. ಡಾಕ್ಟರಿಗೆ ಆ ಚೀಟಿ ತೋರಿಸಿ, ಅದರ ಒಂದು ನಕಲು ನನಗೆ ಕಳಿಸಿ. ಎಷ್ಟು ಮಿಲಿಮೀಟರಿನ ರೈಸರ್ ಎಂದು ಅದನ್ನು ನೋಡಿ ಹೇಳುತ್ತೇನೆ.